ವಾರಕ್ಕೆ ಎಷ್ಟು ಸಲ ನೀರು? ಕುಂಡದ ಕಳ್ಳಿ, ಸಕ್ಯುಲೆಂಟ್‌ಗಳಿಗೆ ಕಾಲಕ್ಕೆ ತಕ್ಕ ನೀರು, ಗೊಬ್ಬರ

"ಸಕ್ಯುಲೆಂಟ್‌ಗೆ ವಾರಕ್ಕೆ ಎಷ್ಟು ಸಲ ನೀರು ಹಾಕಬೇಕು?" ಓದುಗರು ಬಿಡದೆ ಕೇಳುವ ಪ್ರಶ್ನೆ ಇದು. (ಸಕ್ಯುಲೆಂಟ್ ಅಂದರೆ ಮೈಯಲ್ಲೇ ನೀರು ಕೂಡಿಡುವ ಗಿಡ.) ಎರಡನೆಯದು, "ಗೊಬ್ಬರ ಹಾಕಬಹುದಾ, ಹಾಕಿದರೆ ಸತ್ತುಹೋಗುತ್ತಾ?" ಮೂರನೆಯದು ಒಂದು ಫೋಟೋ. ಬುಡ ಕಪ್ಪಾಗಿ ಪಕ್ಕಕ್ಕೆ ವಾಲಿದ ಕಳ್ಳಿ, ಅದರ ಕೆಳಗೆ "ಏನಾಯ್ತು ಇದಕ್ಕೆ?" ಅಂತ ಒಂದು ಸಾಲು.

ವಾರದ ಲೆಕ್ಕವನ್ನು ಮೊದಲು ಮರೆತುಬಿಡಿ. ಒಂದೇ ಗಿಡ, ಒಂದೇ ಕುಂಡ. ಒಳ್ಳೆ ಬಿಸಿಲು, ಗಾಳಿ ಇದ್ದಾಗ ಆರು ದಿನಕ್ಕೇ ಮಣ್ಣು ಒಣಗುತ್ತದೆ. ಮೋಡ ಮುಚ್ಚಿದ ದಿನಗಳಲ್ಲಿ ಇಪ್ಪತ್ತು ದಿನವಾದರೂ ತಳ ಒದ್ದೆಯೇ ಇರುತ್ತದೆ. ಎರಡಕ್ಕೂ "ವಾರಕ್ಕೊಮ್ಮೆ" ಅಂದರೆ ಹೇಗೆ? ನೀರಿನ ಪಾತ್ರೆ ಎತ್ತುವ ಮುಂಚೆ ಎರಡು ಪ್ರಶ್ನೆ ಕೇಳಿಕೊಳ್ಳಿ. ಗಿಡ ಈಗ ಬೆಳೆಯುತ್ತಿದೆಯಾ, ಮಲಗಿದೆಯಾ? ಕುಂಡದ ತಳದ ಮಣ್ಣು ಒಣಗಿದೆಯಾ? ಬೆಳೆಯುತ್ತಿದೆ, ಒಣಗಿದೆ ಅಂತಾದರೆ ಹಾಕಿ. ಒಂದರಲ್ಲಿ ಅನುಮಾನ ಬಂದರೂ ಎರಡು ದಿನ ಕಾಯಿರಿ. ಈ ಗಿಡಗಳು ಬಾಯಾರಿಕೆಯಿಂದ ಸಾಯಲು ತಿಂಗಳುಗಳು ಬೇಕು. ಕೊಳೆತು ಸಾಯಲು ನಾಲ್ಕು ದಿನ ಸಾಕು.

ಇಲ್ಲಿ ಹೇಳುವುದೆಲ್ಲ ಮರುಭೂಮಿ ಮತ್ತು ಒಣನಾಡಿನ ಗಿಡಗಳಿಗೆ: ಮುಳ್ಳುಗಳ್ಳಿ, ಎಕೆವೇರಿಯಾ, ಹಾವರ್ಥಿಯಾ, ಲೋಳೆಸರ, ಕತ್ತಾಳೆ, ಅಡೇನಿಯಂ, ಯುಫೋರ್ಬಿಯಾ, ಲಿಥಾಪ್ಸ್ ಮುಂತಾದವು. ಕ್ರಿಸ್‌ಮಸ್ ಕ್ಯಾಕ್ಟಸ್ ಹೆಸರಿಗೆ ಕ್ಯಾಕ್ಟಸ್, ಹುಟ್ಟೂರು ಮಾತ್ರ ಬ್ರೆಜಿಲ್‌ನ ತಂಪು ಕಾಡು. ಅದರ ಲೆಕ್ಕವೇ ಬೇರೆ, ಇಲ್ಲಿಗೆ ತರಬೇಡಿ.

ಮೊದಲು ಈ ಗಿಡಗಳ ಬದುಕು ಸ್ವಲ್ಪ ತಿಳಿದಿರಲಿ

ಎಲ್ಲ ಗಿಡಗಳ ಮೈಮೇಲೂ ಗಾಳಿ ಒಳಗೆ ಹೊರಗೆ ಆಡುವ ಸಣ್ಣ ಸಣ್ಣ ಬಾಯಿಗಳಿವೆ. ಪತ್ರರಂಧ್ರ ಅನ್ನುತ್ತಾರೆ. ಸಾಮಾನ್ಯ ಗಿಡ ಇವನ್ನು ಹಗಲು ತೆರೆಯುತ್ತದೆ. ಮರುಭೂಮಿಯಲ್ಲಿ ಹಗಲು ಬಾಯಿ ತೆರೆದರೆ ಒಳಗಿನ ನೀರೆಲ್ಲ ಆವಿಯಾಗಿ ಹೋಗುತ್ತದೆ, ಅಲ್ವಾ? ಅದಕ್ಕೆ ಈ ಗಿಡಗಳಲ್ಲಿ ಹೆಚ್ಚಿನವು ರಾತ್ರಿ ತಂಪಿನಲ್ಲಿ ಬಾಯಿ ತೆರೆದು ಇಂಗಾಲದ ಡೈಆಕ್ಸೈಡ್ ಎಳೆದುಕೊಂಡು, ಆಮ್ಲದ ರೂಪದಲ್ಲಿ ಕೂಡಿಡುತ್ತವೆ. ಬೆಳಗಾದ ಮೇಲೆ ಬಾಯಿ ಮುಚ್ಚಿಕೊಂಡು, ಕೂಡಿಟ್ಟದ್ದರಲ್ಲಿ ಅಡುಗೆ. ಇದಕ್ಕೆ ಕ್ಯಾಮ್ ವಿಧಾನ ಎಂದು ಹೆಸರು. ನಮ್ಮ ಕೆಲಸಕ್ಕೆ ಬೇಕಾದ ಅಂಶ ಇಷ್ಟೇ: ಇವು ಬಹಳ ಕಡಿಮೆ ನೀರು ಖರ್ಚು ಮಾಡುತ್ತವೆ, ಮತ್ತು ರಾತ್ರಿಯೂ ಸೆಕೆ ಇದ್ದರೆ ಇವುಗಳ ಕೆಲಸ ಕೆಡುತ್ತದೆ. ಕಡು ಬೇಸಿಗೆಯಲ್ಲಿ ಕೆಲವು ಸುಮ್ನೆ ಕೂತುಬಿಡುವುದು ಇದೇ ಕಾರಣಕ್ಕೆ.

ಇನ್ನು ಬೇರು. ಅಮೆರಿಕ, ಮೆಕ್ಸಿಕೋಗಳ ಸೊನೋರನ್ ಮರುಭೂಮಿಯ ಸಗುವಾರೋ ಕಳ್ಳಿ 12 ಮೀಟರ್ ಎತ್ತರ ಬೆಳೆಯಬಲ್ಲದು. ಆದರೆ ಅದರ ಬೇರುಗಳಲ್ಲಿ ಹೆಚ್ಚಿನವು ಮೇಲಿನ 10 ಸೆಂಟಿಮೀಟರ್ ಮಣ್ಣಿನಲ್ಲೇ ಸುತ್ತ ಹರಡಿರುತ್ತವೆ. ಅಲ್ಲಿ ಮಳೆ ಬಂದರೆ ಒಂದೇ ಏಟಿಗೆ ಸುರಿಯುತ್ತದೆ, ಆಮೇಲೆ ವಾರಗಟ್ಟಲೆ ಸುಳಿವಿಲ್ಲ. ಕಳ್ಳಿ, ಕತ್ತಾಳೆಗಳು ಮಳೆ ಬಿದ್ದ ಕೆಲವೇ ಗಂಟೆಗಳಲ್ಲಿ ಹೊಸ ಎಳೆ ಬೇರು ಬಿಟ್ಟು ಸಿಕ್ಕಷ್ಟು ಕುಡಿಯುತ್ತವೆ. ಮಣ್ಣು ಒಣಗಿದಾಗ ಆ ಎಳೆ ಬೇರುಗಳು ಉದುರಿಹೋಗುತ್ತವೆ. ಕುಂಡದಲ್ಲಿ ನಾವು ಮಾಡಬೇಕಾದದ್ದೂ ಅದೇ. ಹೊಟ್ಟೆ ತುಂಬ ಕುಡಿಸಿ, ಪೂರ್ತಿ ಒಣಗಲು ಬಿಡುವುದು. ದಿನಾ ಒಂದೊಂದು ಚಮಚ ಕೊಡುವುದು ಕರುಣೆಯಂತೆ ಕಾಣುತ್ತದೆ, ಗಿಡಕ್ಕೆ ಅದು ಹಿಂಸೆ.

ಏನೇನು ಬೇಕು

ಜಾಸ್ತಿ ಏನೂ ಬೇಡ. ತಳದಲ್ಲಿ ತೂತಿರುವ ಕುಂಡ. ಒಂದು ಬಿದಿರು ಕಡ್ಡಿ ಅಥವಾ ಐಸ್‌ಕ್ರೀಂ ಕಡ್ಡಿ. ಉದ್ದ ಮೂತಿಯ ನೀರಿನ ಪಾತ್ರೆ, ಇಲ್ಲವೇ ಮುಚ್ಚಳಕ್ಕೆ ತೂತು ಮಾಡಿದ ಬಾಟಲಿ. ನೀರಿನಲ್ಲಿ ಕರಗುವ ಗೊಬ್ಬರ ಒಂದು ಸಣ್ಣ ಪೊಟ್ಟಣ. ಅಳೆಯಲು ಒಂದು ಚಿಕ್ಕ ತಕ್ಕಡಿ. ತೇವ ಅಳೆಯುವ ಮೀಟರ್ ಕೊಳ್ಳಬೇಡಿ. ಜಲ್ಲಿ, ಮರಳು ಜಾಸ್ತಿ ಇರುವ ಮಣ್ಣಿನಲ್ಲಿ ಅದರ ಮುಳ್ಳು ನಿಜ ಹೇಳುವುದಿಲ್ಲ.

1. ನಿಮ್ಮ ಗಿಡ ಯಾವ ಕಾಲದ್ದು ಎಂದು ತಿಳಿದುಕೊಳ್ಳಿ

ಹೆಚ್ಚಿನವರು ಎಡವುವುದು ಇಲ್ಲೇ. "ಸಕ್ಯುಲೆಂಟ್" ಅನ್ನುವುದು ಒಂದು ಕುಟುಂಬದ ಹೆಸರಲ್ಲ. ಎಲೆಯಲ್ಲೋ ಕಾಂಡದಲ್ಲೋ ಬೇರಿನಲ್ಲೋ ನೀರು ಕೂಡಿಡುವ ಗಿಡಗಳಿಗೆಲ್ಲ ಅದೇ ಹೆಸರು. ಒಂದಕ್ಕೆ ಊಟದ ಹೊತ್ತಾದರೆ ಇನ್ನೊಂದಕ್ಕೆ ನಿದ್ದೆಯ ಹೊತ್ತು.

ಬಿಸಿಲಿನ ಕಾಲದಲ್ಲಿ ಬೆಳೆಯುವವು: ಮುಳ್ಳುಗಳ್ಳಿಗಳಲ್ಲಿ ಹೆಚ್ಚಿನವು, ಅಡೇನಿಯಂ, ಕತ್ತಾಳೆ, ಪ್ಯಾಕಿಪೋಡಿಯಂ, ಯುಫೋರ್ಬಿಯಾಗಳಲ್ಲಿ ಬಹುಪಾಲು. ಇವು ಚಳಿಯಲ್ಲಿ ಮಲಗುತ್ತವೆ. ಅಡೇನಿಯಂ ಅಂತೂ ಚಳಿ ಜೋರಾದರೆ ಎಲೆ ಉದುರಿಸಿ ಬೋಳಾಗಿ ನಿಲ್ಲುತ್ತದೆ. ಸತ್ತಿಲ್ಲ, ಗಾಬರಿ ಬೇಡ.

ಹಿತವಾದ ಹವೆಯಲ್ಲಿ, ಅಂದರೆ ಬೇಸಿಗೆಯ ಮುಂಚೆ ಮತ್ತು ಮಳೆಯ ನಂತರ ಬೆಳೆಯುವವು: ಎಕೆವೇರಿಯಾ, ಹಾವರ್ಥಿಯಾ, ಗ್ಯಾಸ್ಟೇರಿಯಾ. ಕಡು ಸೆಕೆಯಲ್ಲೂ ಕಡು ಚಳಿಯಲ್ಲೂ ಇವು ನಿಧಾನವಾಗುತ್ತವೆ.

ತಂಪು ಕಾಲದಲ್ಲಿ ಬೆಳೆಯುವವು: ಅಯೋನಿಯಂ, ಲಿಥಾಪ್ಸ್, ಕೋನೋಫೈಟಂ. ಅಯೋನಿಯಂ ಬೇಸಿಗೆಯಲ್ಲಿ ಎಲೆಗಳನ್ನು ಮೊಗ್ಗಿನ ಹಾಗೆ ಮುಚ್ಚಿಕೊಳ್ಳುತ್ತದೆ. ಅದನ್ನು ನೋಡಿ "ಅಯ್ಯೋ ಬಾಡಿತು" ಅಂತ ನೀರು ಸುರಿದು ಕೊಂದವರು ಬಹಳ ಜನ.

ಗಿಡದ ಹೆಸರೇ ಗೊತ್ತಿಲ್ಲವೇ? ನೆತ್ತಿ ನೋಡಿ. ಮುಳ್ಳುಗಳ್ಳಿಯಾದರೆ ನಡುವೆ ಹೊಳೆಯುವ ಹೊಸ ಮುಳ್ಳು, ಹೊಸ ಹತ್ತಿಯಂಥ ರೋಮ ಕಾಣುತ್ತಿದೆಯಾ? ಎಲೆಯ ಗಿಡವಾದರೆ ನಡುವಿನಲ್ಲಿ ತಿಳಿ ಬಣ್ಣದ ಎಳೆ ಎಲೆ ಇದೆಯಾ? ಇದ್ದರೆ ಅದು ಬೆಳೆಯುತ್ತಿದೆ. ತಿಂಗಳಿಗೊಮ್ಮೆ ಅದೇ ಕೋನದಿಂದ ಒಂದು ಫೋಟೋ ತೆಗೆದಿಡಿ. ಒಂದು ವರ್ಷದಲ್ಲಿ ನಿಮ್ಮ ಗಿಡದ ಪಂಚಾಂಗ ನಿಮ್ಮ ಕೈಯಲ್ಲೇ ಇರುತ್ತದೆ.

2. ಕುಂಡ ಮತ್ತು ಮಣ್ಣು ಸರಿ ಇದೆಯಾ ನೋಡಿ

ಮಣ್ಣು ಕೆಟ್ಟದ್ದಾದರೆ ಮುಂದಿನ ಯಾವ ಸಲಹೆಯೂ ಕೆಲಸ ಮಾಡುವುದಿಲ್ಲ. ಮಿಶ್ರಣದಲ್ಲಿ ಅರ್ಧದಿಂದ ಮುಕ್ಕಾಲು ಭಾಗ ಕಲ್ಲಿನಂಥ ವಸ್ತು ಇರಬೇಕು: ದಪ್ಪ ಮರಳು, 3ರಿಂದ 5 ಮಿಲಿಮೀಟರ್ ಸಣ್ಣ ಜಲ್ಲಿ, ಇಟ್ಟಿಗೆ ಚೂರು, ಪ್ಯೂಮಿಸ್ (ಹಗುರವಾದ ಜ್ವಾಲಾಮುಖಿ ಕಲ್ಲು) ಅಥವಾ ಪರ್ಲೈಟ್ (ಕಾಯಿಸಿ ಉಬ್ಬಿಸಿದ ಹಗುರ ಬಿಳಿ ಹರಳು). ಜಲ್ಲಿ, ಇಟ್ಟಿಗೆ ಚೂರುಗಳನ್ನು ಜರಡಿ ಹಿಡಿದು ಪುಡಿ ತೆಗೆಯಿರಿ. ಸಿಮೆಂಟಿನ ಕೆಲಸಕ್ಕೆ ಬಳಸುವ ನಯವಾದ ಮರಳು ಬೇಡ, ಅದು ಗಟ್ಟಿಯಾಗಿ ಕೂರುತ್ತದೆ. ಉಳಿದ ಭಾಗಕ್ಕೆ ಚೆನ್ನಾಗಿ ಕಳಿತ ಎಲೆಗೊಬ್ಬರ ಅಥವಾ ಎರೆಗೊಬ್ಬರ, ಸ್ವಲ್ಪ ತೋಟದ ಮಣ್ಣು. ನರ್ಸರಿಯಿಂದ ತಂದ ಗಿಡ ಬರೀ ಕೋಕೋಪೀಟ್‌ನಲ್ಲಿದ್ದರೆ ಬದಲಾಯಿಸಿ. ಕೋಕೋಪೀಟ್ ಅಂದರೆ ತೆಂಗಿನ ನಾರಿನ ಪುಡಿ. ಮೇಲೆ ಒಣಗಿದಂತೆ ಕಂಡರೂ ಒಳಗೆ ಸ್ಪಂಜಿನ ಹಾಗೆ ನೀರು ಹಿಡಿದುಕೊಂಡಿರುತ್ತದೆ.

"ತಳಕ್ಕೆ ಒಂದು ಪದರ ಜಲ್ಲಿ ಹಾಕಿದರೆ ನೀರು ಬೇಗ ಇಳಿಯುತ್ತೆ" ಅನ್ನುವ ಮಾತು ಎಲ್ಲ ಕಡೆ ಇದೆ. ಅದು ತಪ್ಪು. ಒದ್ದೆ ಸ್ಪಂಜನ್ನು ಜಲ್ಲಿಯ ಮೇಲೆ ಇಟ್ಟು ನೋಡಿ. ಕೆಳಗೆ ಜಾಗವಿದ್ದರೂ ಸ್ಪಂಜು ನೀರು ಬಿಡುವುದಿಲ್ಲ. ಮಣ್ಣೂ ಹಾಗೆಯೇ. ನಯವಾದ ಮಣ್ಣು ನೀರನ್ನು ಜಲ್ಲಿಗೆ ಇಳಿಯಲು ಬಿಡದೆ, ಅದರ ಮೇಲೆಯೇ ಹಿಡಿದು ನಿಲ್ಲಿಸಿಕೊಳ್ಳುತ್ತದೆ. ಜಲ್ಲಿ ಪದರ ಹಾಕಿದರೆ ಆ ಒದ್ದೆ ಭಾಗ ಬೇರಿಗೆ ಇನ್ನೂ ಹತ್ತಿರ ಬರುತ್ತದೆ, ಅಷ್ಟೇ. ಜಲ್ಲಿಯನ್ನು ಮಣ್ಣಿನ ಜೊತೆಗೇ ಬೆರೆಸಿ. ತೂತಿನ ಮೇಲೆ ಒಂದು ಚೂರು ಜಾಲರಿ ಇಟ್ಟರೆ ಸಾಕು.

ಸುಟ್ಟ ಮಣ್ಣಿನ ಕುಂಡದ ಗೋಡೆಯಿಂದಲೂ ನೀರು ಆವಿಯಾಗುತ್ತದೆ, ಬೇಗ ಒಣಗುತ್ತದೆ. ಪ್ಲಾಸ್ಟಿಕ್‌ನಲ್ಲಿ ಹಾಗಿಲ್ಲ. ಕೈ ಸುಮ್ಮನಿರದೆ ನೀರು ಹಾಕುವವರಿಗೆ ಮಣ್ಣಿನ ಕುಂಡವೇ ವಾಸಿ. ಕುಂಡ ಗಿಡಕ್ಕಿಂತ ಎರಡು ಬೆರಳು ಅಗಲ ಇದ್ದರೆ ಬೇಕಾದಷ್ಟಾಯಿತು. ದೊಡ್ಡ ಕುಂಡದಲ್ಲಿ ಬೇರು ತಲುಪದ ಮಣ್ಣು ಸುಮ್ನೆ ಒದ್ದೆಯಾಗಿ ಕೂತಿರುತ್ತದೆ.

ಕುಂಡ ಬದಲಾಯಿಸಿದ ದಿನ ನೀರು ಹಾಕಬೇಡಿ. ಬೇರಿಗೆ ಆದ ಗಾಯ ಒಣಗಲು ಒಂದು ವಾರ ಕೊಡಿ.

3. ಒಣಗಿದೆಯಾ ಎಂದು ಪರೀಕ್ಷಿಸಿ

ಮೇಲ್ಮಣ್ಣು ಮುಟ್ಟಿ ನೋಡುವುದು ಸಾಲದು. ಬಿದಿರು ಕಡ್ಡಿಯನ್ನು ಕುಂಡದ ಅಂಚಿನಲ್ಲಿ, ಬೇರಿಗೆ ತಾಗದ ಹಾಗೆ, ತಳದವರೆಗೂ ಚುಚ್ಚಿ. ಹತ್ತು ನಿಮಿಷ ಬಿಟ್ಟು ಎಳೆಯಿರಿ. ಈಗ ಕಡ್ಡಿಯನ್ನು ಸರಿಯಾಗಿ ನೋಡಿ. ಮೇಲಿನ ಭಾಗ ಮೊದಲಿನ ತಿಳಿ ಬಣ್ಣದಲ್ಲೇ ಇದ್ದು, ಕೆಳಗಿನ ಎರಡು ಬೆರಳಿನಷ್ಟು ಕಪ್ಪಗಾಗಿ, ಸಣ್ಣ ಮಣ್ಣಿನ ಕಣ ಅಂಟಿಕೊಂಡಿದ್ದರೆ ತಳ ಇನ್ನೂ ಒದ್ದೆ. ಆ ತುದಿಯನ್ನು ಕೆನ್ನೆಗೆ ಅಥವಾ ತುಟಿಗೆ ತಾಗಿಸಿದರೆ ತಣ್ಣಗೆ ಗೊತ್ತಾಗುತ್ತದೆ. ಬೆರಳಿಗಿಂತ ಕೆನ್ನೆ ಚುರುಕು. ಕಡ್ಡಿ ತುದಿಯವರೆಗೂ ಒಣಗಿ, ಕೊಡವಿದರೆ ಪುಡಿ ಉದುರಿದರೆ, ನೀರು ಹಾಕಬಹುದು.

ಸಣ್ಣ ಕುಂಡವಾದರೆ ಎತ್ತಿ ನೋಡಿ. ನೀರು ಹಾಕಿದ ದಿನ ಒಮ್ಮೆ ಎತ್ತಿ, ಪೂರ್ತಿ ಒಣಗಿದ ದಿನ ಇನ್ನೊಮ್ಮೆ ಎತ್ತಿ. ಎರಡು ತಿಂಗಳಲ್ಲಿ ಕೈಗೇ ತೂಕದ ಅಂದಾಜು ಸಿಗುತ್ತದೆ. ಆಮೇಲೆ ಕಡ್ಡಿಯೂ ಬೇಡ.

4. ನೀರು ಹಾಕುವ ರೀತಿ

ಗಿಡದ ತಲೆ ಮೇಲೆ ಬೇಡ, ಬುಡದ ಸುತ್ತ ಮಣ್ಣಿಗೆ ಹಾಕಿ. ಎಕೆವೇರಿಯಾ ಎಲೆಯ ಮೇಲೆ ಬೂದಿ ಬಳಿದಂತೆ ಬಿಳಿ ಪುಡಿ ಇರುತ್ತದಲ್ಲ, ಅದು ಬಿಸಿಲಿನಿಂದ ಕಾಪಾಡುವ ಮೇಣ. ನೀರು ಬಿದ್ದು, ಕೈ ತಾಗಿ ಹೋದರೆ ಆ ಎಲೆಯ ಮೇಲೆ ಮತ್ತೆ ಬರುವುದಿಲ್ಲ. ಎಲೆಗಳ ನಡುವೆ ನೀರು ನಿಂತರೆ ನೆತ್ತಿ ಕೊಳೆಯುತ್ತದೆ. ನಿಂತರೆ ಊದಿ ತೆಗೆಯಿರಿ, ಅಥವಾ ಟಿಶ್ಯೂ ಕಾಗದದ ಮೂಲೆಯಿಂದ ಹೀರಿಸಿ.

ನಿಧಾನವಾಗಿ, ಸುತ್ತಲೂ, ತಳದ ತೂತಿನಿಂದ ಹೊರಬರುವವರೆಗೆ ಹಾಕಿ. ಐದು ನಿಮಿಷ ಬಿಟ್ಟು ಇನ್ನೊಂದು ಸುತ್ತು. ಅರ್ಧ ಗಂಟೆಯ ನಂತರ ತಟ್ಟೆಯಲ್ಲಿ ಉಳಿದ ನೀರು ಚೆಲ್ಲಿ. ಸ್ಪ್ರೇ ಬಾಟಲಿ ಎತ್ತಿಡಿ. ಬೀಜದಿಂದ ಮೊಳೆತ ಪುಟ್ಟ ಸಸಿಗಳಿಗೆ ಅದು ಸರಿ. ದೊಡ್ಡ ಗಿಡಕ್ಕೆ ಅದರಿಂದ ಮೈ ಒದ್ದೆಯಾಗುತ್ತದೆಯೇ ಹೊರತು ಬೇರಿಗೆ ಹನಿಯೂ ಸಿಗುವುದಿಲ್ಲ.

ಮಳೆ ನೀರು ಸಿಕ್ಕರೆ ಅದರಷ್ಟು ಒಳ್ಳೆಯದು ಇಲ್ಲ. ಗಡಸು ನೀರು ಅಂದರೆ ಸುಣ್ಣದ ಅಂಶ ಜಾಸ್ತಿ ಇರುವ ನೀರು. ಅದರಿಂದ ಮಣ್ಣು ಕ್ಷಾರವಾಗುತ್ತಾ ಹೋಗುತ್ತದೆ. ಹೆಚ್ಚಿನ ಕಳ್ಳಿಗಳಿಗೆ ಇಷ್ಟವಾಗುವುದು ತುಸು ಹುಳಿ ಮಣ್ಣು. ನೀರನ್ನು ಮೆದು ಮಾಡುವ ಸಾಫ್ಟ್‌ನರ್ ಯಂತ್ರದಿಂದ ಬಂದ ನೀರು ಮಾತ್ರ ಬೇಡವೇ ಬೇಡ. ಅದರಲ್ಲಿ ಸೋಡಿಯಂ ಇರುತ್ತದೆ.

5. ಕಾಲ ಕಾಲಕ್ಕೆ

ಚಳಿ ಕಳೆದು ಬಿಸಿಲು ಏರುವಾಗ. ಕಳ್ಳಿ, ಅಡೇನಿಯಂಗಳು ಏಳುವ ಹೊತ್ತು. ಮೂರು ತಿಂಗಳು ಒಣಗಿ ಕೂತ ಗಿಡಕ್ಕೆ ಒಮ್ಮೆಲೇ ಕುಂಡ ತುಂಬ ನೀರು ಸುರಿಯಬೇಡಿ. ಎಳೆ ಬೇರುಗಳು ಒಣಗಿ ಹೋಗಿರುತ್ತವೆ, ಕುಡಿಯಲು ಬಾಯಿಲ್ಲ. ಮೊದಲು ಮಾಮೂಲಿನ ಕಾಲುಭಾಗ ನೀರು ಹಾಕಿ. ವಾರ ಬಿಟ್ಟು ಅರ್ಧ. ನೆತ್ತಿಯಲ್ಲಿ ಹೊಸ ಮುಳ್ಳು ಕಂಡ ಮೇಲೆ ಪೂರ್ತಿ. ನೆರಳಿನಲ್ಲಿದ್ದ ಗಿಡವನ್ನು ಬಿಸಿಲಿಗೂ ಹೀಗೇ ಮೆಲ್ಲಗೆ ಒಗ್ಗಿಸಿ, ಇಲ್ಲದಿದ್ದರೆ ಮೈ ಸುಟ್ಟು ಬಿಳಿ ಕಲೆ ಬೀಳುತ್ತದೆ. ಆ ಕಲೆ ಹೋಗುವುದಿಲ್ಲ.

ಕಡು ಬೇಸಿಗೆ. ಮುಳ್ಳುಗಳ್ಳಿ, ಕತ್ತಾಳೆ, ಅಡೇನಿಯಂ ಈಗ ಗಟಗಟ ಕುಡಿಯುತ್ತವೆ. ಕಡ್ಡಿ ಪರೀಕ್ಷೆ ಮಾಡಿ ಧಾರಾಳವಾಗಿ ಹಾಕಿ. ಎಕೆವೇರಿಯಾ, ಹಾವರ್ಥಿಯಾ, ಅಯೋನಿಯಂ, ಲಿಥಾಪ್ಸ್‌ಗಳ ಮಾತು ಬೇರೆ. ರಾತ್ರಿಯೂ ತಂಪಾಗದಿದ್ದರೆ ಅವು ಕೆಲಸ ನಿಲ್ಲಿಸುತ್ತವೆ. ಅವನ್ನು ಮಧ್ಯಾಹ್ನದ ನೆರಳಿಗೆ ಸರಿಸಿ, ಮೂರು ವಾರಕ್ಕೊಮ್ಮೆಯೋ ನಾಲ್ಕು ವಾರಕ್ಕೊಮ್ಮೆಯೋ ಬೇರು ಸಾಯದಷ್ಟು ಸ್ವಲ್ಪ ನೀರು ಕೊಡಿ. ಎಲ್ಲಕ್ಕೂ ಸಂಜೆಯ ಹೊತ್ತೇ ಒಳ್ಳೆಯದು. ಬಿಸಿಲಿಗೆ ಕಾದ ಕಪ್ಪು ಪ್ಲಾಸ್ಟಿಕ್ ಕುಂಡಕ್ಕೆ ಮಧ್ಯಾಹ್ನ ನೀರು ಹಾಕಿದರೆ ಬೇರು ಅಕ್ಷರಶಃ ಬೇಯುತ್ತದೆ.

ಮಳೆಗಾಲ. ಗಿಡ ಜಾಸ್ತಿ ಸಾಯುವುದು ಈ ಕಾಲದಲ್ಲೇ, ಅದಕ್ಕೇ ಸ್ವಲ್ಪ ವಿವರವಾಗಿ ಹೇಳುತ್ತೇನೆ. ಕೇಡು ಬರುವುದು ಬರೀ ಮಳೆಯಿಂದಲ್ಲ. ಬಿಸಿಲಿಲ್ಲ, ಗಾಳಿಯಲ್ಲೇ ತೇವ, ಮಣ್ಣು ಒಣಗುವುದಿಲ್ಲ, ಗಿಡ ಕುಡಿಯುವುದಿಲ್ಲ. ನಾಲ್ಕೂ ಸೇರಿದಾಗ ಶಿಲೀಂಧ್ರಕ್ಕೆ ಹಬ್ಬ. ಮಳೆ ಹಿಡಿಯುವ ಮುಂಚೆಯೇ ಕುಂಡಗಳನ್ನು ಪಾರದರ್ಶಕ ಶೀಟಿನ ಕೆಳಗೆ, ಬೆಳಕು ಬರುವ ಆದರೆ ಹನಿ ಬೀಳದ ಕಡೆ ಇಡಿ. ಕುಂಡದಿಂದ ಕುಂಡಕ್ಕೆ ಒಂದು ಗೇಣು ಜಾಗ ಬಿಡಿ. ತಟ್ಟೆಗಳನ್ನು ತೆಗೆದುಬಿಡಿ. ತಳ ನೆಲಕ್ಕೆ ಅಂಟದ ಹಾಗೆ ಎರಡು ಇಟ್ಟಿಗೆ ಚೂರಿನ ಮೇಲೆ ಕೂರಿಸಿ. ಒಳಗಿದ್ದರೆ ದಿನಕ್ಕೆ ಕೆಲವು ಗಂಟೆ ಫ್ಯಾನ್ ಗಾಳಿ ಕೊಡಿ, ಬಹಳ ವ್ಯತ್ಯಾಸ ಕಾಣುತ್ತದೆ.

ನೀರು? ಎರಡು ಮೂರು ವಾರ ಒಂದು ಹನಿಯೂ ಹಾಕದಿದ್ದರೆ ಏನೂ ಆಗುವುದಿಲ್ಲ. ಮುಂದಿನ ಮೂರು ದಿನ ಬಿಸಿಲು ಬರುವ ಸೂಚನೆ ಇದ್ದರೆ ಮಾತ್ರ ಬೆಳಗ್ಗೆ ಹಾಕಿ. ಬೇಸಿಗೆಯ ಸಂಜೆಯ ಲೆಕ್ಕ ಇಲ್ಲಿ ತಿರುಗುಮುರುಗು. ರಾತ್ರಿಯೊಳಗೆ ಮೇಲ್ಮೈ ಒಣಗಬೇಕು. ಗಿಡ ಮಳೆಗೆ ಸಿಕ್ಕಿಬಿಟ್ಟರೆ ಕುಂಡವನ್ನು ಪಕ್ಕಕ್ಕೆ ವಾಲಿಸಿ ಒಂದು ಗಂಟೆ ಇಡಿ. ತೂತಿನಿಂದ ಹೊರಬರುವ ನೀರು ನೋಡಿದರೆ ಆಶ್ಚರ್ಯವಾಗುತ್ತದೆ. ಅಡೇನಿಯಂ ಒಂದು ಅಪವಾದ. ಮಣ್ಣು ಸರಾಗವಾಗಿದ್ದು, ನಡುನಡುವೆ ಬಿಸಿಲು ಬರುತ್ತಿದ್ದರೆ ಅದು ಮಳೆಯಲ್ಲಿ ಚೆನ್ನಾಗಿಯೇ ಬೆಳೆಯುತ್ತದೆ. ಬುಡದ ಗಡ್ಡೆ ಒತ್ತಿದರೆ ಮೆತ್ತಗಾದಂತೆ ಅನಿಸಿದ ಕೂಡಲೇ ಒಳಗೆ ತನ್ನಿ.

ಮಳೆ ನಿಂತ ಮೇಲೆ. ನನ್ನ ಲೆಕ್ಕದಲ್ಲಿ ವರ್ಷದ ಅತಿ ಒಳ್ಳೆಯ ಕಾಲ. ಎಕೆವೇರಿಯಾ, ಹಾವರ್ಥಿಯಾ ಮತ್ತೆ ಬೆಳೆಯುತ್ತವೆ, ಅಯೋನಿಯಂ ಎಲೆ ಬಿಚ್ಚುತ್ತದೆ, ಲಿಥಾಪ್ಸ್ ಹೂ ಬಿಡುತ್ತದೆ. ಒಣಗಿದಾಗಲೆಲ್ಲ ಪೂರ್ತಿ ನೀರು ಕೊಡಿ. ಮುಳ್ಳುಗಳ್ಳಿಗಳಿಗೆ ಮಾತ್ರ ಅಂತರ ಹೆಚ್ಚಿಸುತ್ತಾ ಬನ್ನಿ.

ಚಳಿಗಾಲ. ಇಲ್ಲಿ ಥರ್ಮಾಮೀಟರ್ ನೋಡಿ. ರಾತ್ರಿ 10 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿಳಿಯುವ ಕಡೆ ಮುಳ್ಳುಗಳ್ಳಿಗಳಿಗೆ ನೀರು ಪೂರ್ತಿ ಬಂದ್. ಒಣಗಿದ ಕಳ್ಳಿಯ ರಸ ಗಟ್ಟಿಯಾಗಿ ಚಳಿ ತಡೆಯುತ್ತದೆ. ಅದೇ ಕಳ್ಳಿ ನೀರು ಕುಡಿದು ಉಬ್ಬಿದ್ದರೆ ಅದೇ ಚಳಿಗೆ ಸಾಯುತ್ತದೆ. ಅದು ಕುಗ್ಗುತ್ತದೆ, ಏಣುಗಳು ಒತ್ತೊತ್ತಾಗುತ್ತವೆ, ಮಣ್ಣಿನೊಳಗೆ ಸ್ವಲ್ಪ ಇಳಿದಂತೆ ಕಾಣುತ್ತದೆ. ಕಾಣಲಿ ಬಿಡಿ. ರೆಬುಶಿಯಾ, ಮ್ಯಾಮಿಲೇರಿಯಾದಂಥವಕ್ಕೆ ಈ ಒಣ ಚಳಿ ಸಿಗದಿದ್ದರೆ ಮುಂದಿನ ವರ್ಷ ಹೂವೂ ಕಡಿಮೆ. ರಾತ್ರಿ 15 ಡಿಗ್ರಿಗಿಂತ ಮೇಲೇ ಇದ್ದರೆ ಗಿಡ ಪೂರ್ತಿ ಮಲಗುವುದಿಲ್ಲ, ತಿಂಗಳಿಗೊಮ್ಮೆ ಹಗುರವಾಗಿ ನೀರು ಕೊಡಬಹುದು. ಬೋಳಾದ ಅಡೇನಿಯಂಗೆ ಕೊಡಬೇಡಿ. ಎಲೆ ಇಲ್ಲ ಅಂದರೆ ನೀರೂ ಇಲ್ಲ.

ಲಿಥಾಪ್ಸ್ ಬಗ್ಗೆ ಬೇರೆಯಾಗಿಯೇ ಹೇಳಬೇಕು. 1811ರಲ್ಲಿ ಇಂಗ್ಲಿಷ್ ಸಸ್ಯ ಪರಿಶೋಧಕ ವಿಲಿಯಂ ಬರ್ಚೆಲ್ ದಕ್ಷಿಣ ಆಫ್ರಿಕಾದ ಕಲ್ಲು ನೆಲದಿಂದ ವಿಚಿತ್ರ ಆಕಾರದ ಬೆಣಚುಕಲ್ಲು ಅಂತ ಎತ್ತಿಕೊಂಡದ್ದು ಈ ಗಿಡವನ್ನೇ. ಇರುವುದು ಒಂದೇ ಜೋಡಿ ಎಲೆ. ಚಳಿಗಾಲದಲ್ಲಿ ಅದರ ಸೀಳಿನೊಳಗೆ ಹೊಸ ಜೋಡಿ ಹುಟ್ಟಿ, ಹಳೆಯದರ ನೀರನ್ನೇ ಹೀರಿ ಬೆಳೆಯುತ್ತದೆ. ಹಳೆ ಎಲೆ ದಿನದಿನಕ್ಕೆ ಸುಕ್ಕಾಗಿ, ಕೊನೆಗೆ ಈರುಳ್ಳಿ ಸಿಪ್ಪೆಯಷ್ಟು ತೆಳುವಾಗಿ ಕೆಳಗೆ ಬೀಳುತ್ತದೆ. ಆ ಸಿಪ್ಪೆ ಗರಿಗರಿ ಒಣಗುವವರೆಗೆ ನೀರು ಮುಟ್ಟಿಸಬೇಡಿ. ಮುಟ್ಟಿಸಿದರೆ ಹಳೆ ಎಲೆ ಮತ್ತೆ ಉಬ್ಬಿಕೊಂಡು ಹೊಸದನ್ನು ಹಿಸುಕುತ್ತದೆ, ಇಲ್ಲವೇ ಮೈ ಬಿರಿಯುತ್ತದೆ.

6. ಗೊಬ್ಬರ

ಬೆಳೆಯುತ್ತಿರುವ ಗಿಡಕ್ಕೆ ಮಾತ್ರ ಗೊಬ್ಬರ. ಮಲಗಿದ್ದಕ್ಕೆ, ಕಾಯಿಲೆ ಬಿದ್ದದ್ದಕ್ಕೆ, ಹೊಸದಾಗಿ ಕುಂಡ ಬದಲಾಯಿಸಿದ್ದಕ್ಕೆ ಬೇಡ. "ಸೊರಗಿದೆ, ಸ್ವಲ್ಪ ಶಕ್ತಿ ಬರಲಿ" ಅಂತ ಹಾಕಿದ ಗೊಬ್ಬರವೇ ಕೊನೆಯ ಊಟವಾಗುವುದುಂಟು. ಹಾಗಂತ "ಮರುಭೂಮಿ ಗಿಡಕ್ಕೆ ಗೊಬ್ಬರವೇ ಬೇಡ" ಅನ್ನುವುದೂ ತಪ್ಪು. ಜಲ್ಲಿ ತುಂಬಿದ ಕುಂಡದಲ್ಲಿ ಸಾರ ಇರುವುದೇ ಅಷ್ಟಕ್ಕಷ್ಟೆ. ಪ್ರತಿ ಸಲ ನೀರು ಹಾಕಿದಾಗ ಅದೂ ತೊಳೆದು ಹೋಗುತ್ತದೆ.

ಪೊಟ್ಟಣದ ಮೇಲೆ ಮೂರು ಸಂಖ್ಯೆ ಇರುತ್ತವೆ. ಇದು ಎನ್‌ಪಿಕೆ: ಸಾರಜನಕ, ರಂಜಕ, ಪೊಟ್ಯಾಷ್, ಅದೇ ಕ್ರಮದಲ್ಲಿ, ಶೇಕಡಾ ಲೆಕ್ಕದಲ್ಲಿ. ಸಾರಜನಕ ಎಲೆ, ಕಾಂಡ ಬೆಳೆಸುತ್ತದೆ. ಜಾಸ್ತಿಯಾದರೆ ಗಿಡ ನೀರುನೀರಾಗಿ ಉಬ್ಬಿ, ಮೈ ಮೆತ್ತಗಾಗಿ, ಹಿಟ್ಟುತಿಗಣೆಗೆ ಔತಣ ಕೊಟ್ಟಂತಾಗುತ್ತದೆ. ಮೊದಲ ಸಂಖ್ಯೆ ಕಡಿಮೆ, ಮೂರನೆಯದು ಅದಕ್ಕಿಂತ ಜಾಸ್ತಿ ಇರುವ ಗೊಬ್ಬರ ಸಿಕ್ಕರೆ ಆರಿಸಿ. ಸಿಗದಿದ್ದರೆ ಮೂರೂ ಸಮ ಇರುವುದೇ ಸಾಕು, ತೆಳುವಾಗಿ ಹಾಕಿದರಾಯಿತು.

ಎಷ್ಟು ತೆಳುವಾಗಿ? ಪೊಟ್ಟಣದಲ್ಲಿ ಕುಂಡದ ಗಿಡಕ್ಕೆ ಎಂದು ಬರೆದ ಪ್ರಮಾಣದ ಕಾಲುಭಾಗ. ಶೇಕಡಾ 20 ಸಾರಜನಕ ಇರುವ ಗೊಬ್ಬರವಾದರೆ ಲೀಟರಿಗೆ ಅರ್ಧ ಗ್ರಾಂ. ಅಷ್ಟರಲ್ಲಿ ಲೀಟರಿಗೆ 100 ಮಿಲಿಗ್ರಾಂ ಸಾರಜನಕ ಸಿಗುತ್ತದೆ, ಬೇಕಾದಷ್ಟಾಯಿತು. ಅರ್ಧ ಗ್ರಾಂ ತೂಗುವ ತಕ್ಕಡಿ ಎಲ್ಲರ ಬಳಿ ಇರುವುದಿಲ್ಲ. ಅದಕ್ಕೊಂದು ಉಪಾಯ ಇದೆ. 5 ಗ್ರಾಂ ಗೊಬ್ಬರವನ್ನು ಒಂದು ಲೀಟರ್ ನೀರಿನಲ್ಲಿ ಕರಗಿಸಿ. ಅದರಿಂದ 100 ಮಿಲಿಲೀಟರ್ ತೆಗೆದು, ಬೇರೆ ಪಾತ್ರೆಯಲ್ಲಿ ಒಂದು ಲೀಟರ್ ಆಗುವವರೆಗೆ ಸಾದಾ ನೀರು ಸೇರಿಸಿ. ಈಗ ಲೀಟರಿಗೆ ಅರ್ಧ ಗ್ರಾಂ ಆಯಿತು. ಉಳಿದ ಗಟ್ಟಿ ನೀರನ್ನು ಕುಡಿಯುವ ನೀರಿನ ಬಾಟಲಿಯಲ್ಲಿ ಮಾತ್ರ ಇಡಬೇಡಿ. ಹೆಸರು ಬರೆದು, ಮಕ್ಕಳ ಕೈಗೆ ಸಿಗದ ಕಡೆ ಇಟ್ಟು, ಅದೇ ವಾರ ಮುಗಿಸಿ.

ಗೊಬ್ಬರದ ದಿನ ಮೊದಲು ಸ್ವಲ್ಪ ಸಾದಾ ನೀರು ಹಾಕಿ ಮಣ್ಣು ತೋಯಿಸಿ, ಆಮೇಲೆ ಗೊಬ್ಬರದ ನೀರು. ಗರಿ ಒಣಗಿದ ಬೇರಿಗೆ ನೇರವಾಗಿ ಬಿದ್ದರೆ ಉರಿಯುತ್ತದೆ. ಬೆಳೆಯುವ ಕಾಲದಲ್ಲಿ ಮೂರು ನಾಲ್ಕು ವಾರಕ್ಕೊಮ್ಮೆ. ಅಡೇನಿಯಂ ಹಸಿವಿನ ಗಿಡ, ಅದಕ್ಕೆ ಎರಡು ವಾರಕ್ಕೊಮ್ಮೆ ಕೊಡಬಹುದು. ಲಿಥಾಪ್ಸ್‌ಗೆ ವರ್ಷಕ್ಕೊಂದು ಸಲ ಸಾಕು, ಕೊಡದಿದ್ದರೂ ಬೇಜಾರು ಮಾಡಿಕೊಳ್ಳುವುದಿಲ್ಲ. ಕಳ್ಳಿಗಳಿಗೆ ಚಳಿ ಶುರುವಾಗುವ ಆರರಿಂದ ಎಂಟು ವಾರ ಮುಂಚೆಯೇ ನಿಲ್ಲಿಸಿ. ಮೋಡದ ದಿನಗಳಲ್ಲಿ ಯಾವುದಕ್ಕೂ ಬೇಡ. ಬೆಳಕಿಲ್ಲದೆ ಸಾರಜನಕ ಮಾತ್ರ ಸಿಕ್ಕರೆ ಗಿಡ ಕತ್ತು ಚಾಚಿ ಉದ್ದುದ್ದ ಆಗುತ್ತದೆ. ಆ ಆಕಾರ ಮತ್ತೆ ಸರಿಹೋಗುವುದಿಲ್ಲ.

ನಿಧಾನವಾಗಿ ಕರಗುವ ಗುಳಿಗೆ ಗೊಬ್ಬರದಲ್ಲಿ ಒಂದು ಗುಟ್ಟಿದೆ. ಅದು ಬಿಸಿ ಹೆಚ್ಚಿದಷ್ಟೂ ಬೇಗ ಕರಗುತ್ತದೆ. ಆರು ತಿಂಗಳು ಬರುತ್ತದೆ ಎಂದು ಬರೆದದ್ದು ಕಾದ ಕುಂಡದಲ್ಲಿ ಅದಕ್ಕಿಂತ ಬಹಳ ಮುಂಚೆ ಸುರಿದುಬಿಡುತ್ತದೆ. ಹಾಕಲೇಬೇಕಿದ್ದರೆ ಕಾಲುಭಾಗ ಹಾಕಿ. ಬಾಳೆಹಣ್ಣಿನ ಸಿಪ್ಪೆ ನೆನೆಸಿದ ನೀರು, ಟೀ ಚರಟ, ಮೊಟ್ಟೆ ಚಿಪ್ಪಿನ ಪುಡಿ ಕೇಳುವವರು ಬಹಳ. ಸಿಪ್ಪೆ ನೀರಿಗೆ ನೊಣ ಬರುತ್ತದೆ, ಚರಟ ತೇವ ಹಿಡಿದು ಬೂಸ್ಟು ಕಟ್ಟುತ್ತದೆ, ಚಿಪ್ಪು ಕರಗಲು ವರ್ಷಗಳೇ ಬೇಕು. ತರಕಾರಿ ಗಿಡಕ್ಕೆ ಹಾಕಿಕೊಳ್ಳಿ. ಸಾವಯವವೇ ಬೇಕೆಂದರೆ ಬೆಳೆಯುವ ಕಾಲದ ಶುರುವಿನಲ್ಲಿ ಒಂದು ಚಮಚ ಎರೆಗೊಬ್ಬರ ಮೇಲ್ಮಣ್ಣಿಗೆ ಬೆರೆಸಿ.

7. ಉಪ್ಪು ತೊಳೆಯಿರಿ

ಮಣ್ಣಿನ ಮೇಲೆ, ಕುಂಡದ ಅಂಚಿನಲ್ಲಿ ಬಿಳಿ ಪುಡಿ ಕಟ್ಟಿದೆಯಾ? ಗೊಬ್ಬರ ಮತ್ತು ಗಡಸು ನೀರಿನ ಲವಣ ಅದು. ಬೆಳೆಯುವ ಕಾಲದಲ್ಲಿ ಮೂರು ತಿಂಗಳಿಗೊಮ್ಮೆ, ಬಿಸಿಲಿರುವ ದಿನ ಬೆಳಗ್ಗೆ, ಕುಂಡದ ಗಾತ್ರದ ಮೂರು ನಾಲ್ಕು ಪಟ್ಟು ಸಾದಾ ನೀರನ್ನು ನಿಧಾನವಾಗಿ ಹರಿಸಿ ತೊಳೆಯಿರಿ. ಮೇಲಿನ ಬಿಳಿ ಪದರವನ್ನು ಮೊದಲೇ ಕೆರೆದು ಎಸೆಯಿರಿ.

8. ಗಿಡ ಏನು ಹೇಳುತ್ತಿದೆ ಅಂತ ಓದಿ

ಕೆಳಗಿನ ಎಲೆ ಒಂದೊಂದಾಗಿ ಕಾಗದದಂತೆ ಒಣಗಿದರೆ ಅದು ಸಹಜ. ಎಲ್ಲ ಎಲೆಗಳೂ ಸುಕ್ಕಾಗಿ, ಒತ್ತಿದರೆ ಬಾಗುವಂತಿದ್ದರೆ ಬಾಯಾರಿಕೆ. ಎಲೆ ಹಳದಿಯಾಗಿ, ಬೆಳಕು ಹಾಯುವಂತೆ ನೀರುನೀರಾಗಿ, ಮುಟ್ಟಿದರೆ ಪುಳಕ್ಕನೆ ಉದುರಿದರೆ ನೀರು ಹೆಚ್ಚಾಗಿದೆ.

ಇಲ್ಲೊಂದು ದೊಡ್ಡ ಮೋಸ ಇದೆ. ಗಿಡ ಸುಕ್ಕಾಗಿದೆ, ಆದರೆ ಮಣ್ಣು ಒದ್ದೆ. ಆಗ ಬೇರು ಕೊಳೆತಿದೆ ಎಂದು ತಿಳಿಯಿರಿ. ಬೇರಿಲ್ಲದ ಗಿಡ ನೀರಿನ ನಡುವೆಯೇ ಬಾಯಾರುತ್ತದೆ. ಸುಕ್ಕು ನೋಡಿ ಇನ್ನಷ್ಟು ಸುರಿದರೆ ಮುಗಿಯಿತು. ನನ್ನದೊಂದು ಎಂಟು ವರ್ಷದ ಗುಂಡುಕಳ್ಳಿ ಹೀಗೇ ಹೋಯಿತು. ಮೇಲೆ ಹಸಿರಾಗಿಯೇ ಇತ್ತು. ಬೆರಳಿನಿಂದ ತಟ್ಟಿದರೆ ಖಾಲಿ ಡಬ್ಬಿಯ ಸದ್ದು.

ಬೇಗ ಗೊತ್ತಾದರೆ ಉಳಿಸಬಹುದು. ಗಿಡ ಕಿತ್ತು, ಸ್ಪಿರಿಟ್‌ನಿಂದ ಒರೆಸಿದ ಚೂಪು ಚಾಕುವಿನಿಂದ ಕೆಳಗಿನಿಂದ ಹೋಳು ಹೋಳಾಗಿ ಕತ್ತರಿಸುತ್ತಾ ಬನ್ನಿ. ಪ್ರತಿ ಹೋಳಿಗೂ ಚಾಕು ಒರೆಸಿ. ಕತ್ತರಿಸಿದ ಮುಖದಲ್ಲಿ ಕಂದು ಬಣ್ಣದ ಒಂದು ಚುಕ್ಕೆ ಉಳಿದರೂ ಕೊಳೆ ಮೇಲೇರುತ್ತದೆ. ಚುಕ್ಕೆಯಿಲ್ಲದ ತಿಳಿ ಮುಖ ಕಾಣುವವರೆಗೆ ನಿಲ್ಲಿಸಬೇಡಿ. ಯುಫೋರ್ಬಿಯಾ ಆದರೆ ಕೈಗವಸು ಹಾಕಿಕೊಳ್ಳಿ, ಅದರ ಹಾಲು ಕಣ್ಣಿಗೆ ಬಿದ್ದರೆ ಅಪಾಯ. ಉಳಿದ ತುಂಡನ್ನು ನೆರಳಿನಲ್ಲಿ, ಗಾಳಿಯಾಡುವ ಕಡೆ ಒಂದರಿಂದ ಎರಡು ವಾರ ಒಣಗಿಸಿ. ಗಾಯ ಬೆಂಡಿನಂತೆ ಗಟ್ಟಿಯಾದ ಮೇಲೆ ಒಣ ಜಲ್ಲಿ ಮಿಶ್ರಣದ ಮೇಲೆ ಕೂರಿಸಿ. ನೀರು ಹಾಕಬೇಡಿ, ಬೇರು ಬಂತಾ ಅಂತ ದಿನಾ ಎತ್ತಿಯೂ ನೋಡಬೇಡಿ. ಕೆಲವು ವಾರ ಬಿಟ್ಟು ಒಂದು ಬೆರಳಿನಿಂದ ಮೆಲ್ಲಗೆ ಅಲ್ಲಾಡಿಸಿ. ತಳದಲ್ಲಿ ಏನೋ ಹಿಡಿದುಕೊಂಡಂತೆ ಅನಿಸಿದರೆ, ಅವತ್ತು ಕಾಲು ಲೋಟ ನೀರು ಕೊಡಿ.